ಬಾಗಿಲ ಪಕ್ಕದ ನೀಲಿ ಟೈಲ್ಸ್ ಎಲ್ಲಿಯದು?

ಪ್ರಶ್ನೆ: ಪಣಜಿಯ ಫೊಂಟೈನ್ಹಾಸ್‌ನಲ್ಲಿ ನಾವು ಬಾಡಿಗೆಗಿರುವ ಹಳೇ ಮನೆಯ ಗೋಡೆಯಲ್ಲಿ ನೀಲಿ-ಬಿಳಿ ಟೈಲ್ಸ್ ಇದೆ. ಮನೆ ಮಾಲೀಕರು ಪೋರ್ಚುಗೀಸರದ್ದು ಅಂತಾರೆ, ನಮ್ಮ ಯಜಮಾನರು ಚೀನಾದ್ದು ಅಂತಾರೆ. ನಾನು ಬೀದರಿನವಳು. ನನಗೆ ನಮ್ಮೂರ ಗವಾನ್ ಮದರಸಾ ನೆನಪಾಗುತ್ತದೆ. ಯಾರ ಮಾತು ಸರಿ ಸರ್?
– ಓದುಗಿ, ಪಣಜಿ

ಉತ್ತರ: ತಾಯಿ, ಮೊದಲು ಟೈಲ್ಸಿನ ಒಡೆದ ಮೂಲೆ ಹುಡುಕಿ. ಚೀನಾ ಪಿಂಗಾಣಿಯಾದರೆ ಒಳಗೂ ಬಿಳಿ ಇರುತ್ತದೆ. ಕೆಂಪೋ ಹಳದಿಯೋ ಮಣ್ಣು ಕಂಡರೆ, ಮೇಲಿನ ಬಿಳಿ ತೆಳ್ಳನೆಯ ಪದರ ಅಷ್ಟೇ. ಆ ಪದರ ಹುಟ್ಟಿದ್ದು ಇರಾಕಿನಲ್ಲಿ.

9ನೇ ಶತಮಾನದಲ್ಲಿ ಚೀನಾದ ಬಿಳಿ ಬಟ್ಟಲುಗಳು ಹಡಗೇರಿ ಅಲ್ಲಿಗೆ ಬಂದವು. ಬಸ್ರಾದ ಕುಂಬಾರರಿಗೂ ಅಂಥದ್ದೇ ಮಾಡುವಾಸೆ. ಆದರೆ ಅವರ ಮಣ್ಣು ಸುಟ್ಟರೆ ಹಳದಿ. ಹಾಗಾಗಿ ಮೆರುಗಿಗೆ, ಅಂದರೆ ಮೇಲೆ ಬಳಿಯುವ ಗಾಜಿನಂಥ ಲೇಪಕ್ಕೆ, ತವರದ ಭಸ್ಮ ಬೆರೆಸಿ ಮಣ್ಣಿನ ಬಣ್ಣವನ್ನೇ ಮುಚ್ಚಿದರು. ಅದರ ಮೇಲೆ ನೀಲಿ ಬಣ್ಣ ಕೊಡುವ ಕೋಬಾಲ್ಟಿನಿಂದ ಎಲೆ, ಹೂವು, ಅರಬ್ಬೀ ಅಕ್ಷರ ಬರೆದರು. ಒದ್ದೆ ಪಂಚೆಗೆ ಶಾಯಿ ತಾಗಿದ ಹಾಗೆ ಆ ಗೆರೆಗಳ ಅಂಚು ಹರಡಿರುತ್ತದೆ. ಇದನ್ನು ಬರೀ ನಕಲು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. 14ನೇ ಶತಮಾನದಲ್ಲಿ ಚೀನಾದ ಜಿಂಗ್ಡೆಜೆನ್ ಕುಂಬಾರರೇ ಪಶ್ಚಿಮ ಏಷ್ಯಾದಿಂದ ಕೋಬಾಲ್ಟ್ ತರಿಸಿ ಪಿಂಗಾಣಿಯ ಮೇಲೆ ನೀಲಿ ಬರೆದರು!

ತವರದ ಮೆರುಗು ಮುಸ್ಲಿಂ ಕುಂಬಾರರ ಕೈಯಲ್ಲಿ ಸ್ಪೇನ್ ಸೇರಿತು. 16ನೇ ಶತಮಾನದ ಆರಂಭದಲ್ಲಿ ಪೋರ್ಚುಗಲ್ ದೊರೆ ಮನುಯೆಲ್ ತನ್ನ ಸಿಂತ್ರಾ ಅರಮನೆಗೆ ಸೆವಿಲ್ಲೆಯಿಂದ ಟೈಲ್ಸ್ ತರಿಸಿದ. ನೀಲಿ-ಬಿಳಿಯ ಹುಚ್ಚು ಪೋರ್ಚುಗಲ್ಲಿಗೆ ಹತ್ತಿದ್ದು 17ನೇ ಶತಮಾನದ ಕೊನೆಗೆ, ಚೀನಾ ಪಿಂಗಾಣಿಯನ್ನು ನೋಡಿ ಟೈಲ್ಸ್ ಮಾಡುತ್ತಿದ್ದ ಡಚ್ಚರಿಂದ. ಆ ಮಟ್ಟಿಗೆ ನಿಮ್ಮ ಯಜಮಾನರ ಮಾತನ್ನೂ ತಳ್ಳಿಹಾಕುವ ಹಾಗಿಲ್ಲ. ಪಣಜಿಯ ಮೆನೆಜಿಸ್ ಬ್ರಗಾಂಝಾ ಸಂಸ್ಥೆಯ ಪ್ರವೇಶದ್ವಾರದಲ್ಲಿ ಗೋಡೆ ತುಂಬ ಇಂಥ ಟೈಲ್ಸ್ ಚಿತ್ರಗಳಿವೆ, ತಪ್ಪದೆ ನೋಡಿ. ಅವನ್ನು ಬರೆದ ಪೋರ್ಚುಗೀಸ್ ಕಲಾವಿದ ಜೊರ್ಜ್ ಕೊಲಾಸೊ ಹುಟ್ಟಿದ್ದು ಮೊರಾಕ್ಕೊದ ಟಾಂಜಿಯರ್‌ನಲ್ಲಿ.

ಇನ್ನು ನಿಮ್ಮೂರಿನ ಮಾತು. ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗೀಲಾನ್‌ನವನು. ಉಳಿದಿರುವ ಮಿನಾರಿನ ಅಂಕುಡೊಂಕು ಪಟ್ಟಿಗಳಲ್ಲಿ ಕಾಣುವುದು ಇರಾನಿನ ಟೈಲ್ಸ್ ಕೆಲಸವೇ. 1472ರಲ್ಲಿ ಅದು ಎದ್ದು ನಿಂತಾಗ ಪೋರ್ಚುಗೀಸರ ಹಡಗು ಈ ಕಡಲಿಗೇ ಬಂದಿರಲಿಲ್ಲ. ನಿಮ್ಮ ಗೋಡೆಯದು ಅದರ ದೂರದ ನೆಂಟ, ಬೇರೆ ದಾರಿ ಹಿಡಿದು ಬಂದದ್ದು.

ಅಂದಹಾಗೆ, ಚೂರೆದ್ದ ಕಡೆ ಸಿಮೆಂಟ್ ಮೆತ್ತಬೇಡಿ ಅಂತ ಮಾಲೀಕರಿಗೆ ಹೇಳಿ. ಸಿಮೆಂಟಿನ ಉಪ್ಪು ಒಳಗಿಳಿದು ಮೆರುಗನ್ನು ಎಬ್ಬಿಸಿಬಿಡುತ್ತದೆ. ಸುಣ್ಣದ ಗಾರೆಯೇ ಆಗಬೇಕು.