ಅರ್ಧ ಮರಾಠಿ ಅಲ್ಲ ದೋಸ್ತ

ನೇಪಾಳ ಸುತ್ತಿ ಬಂದ ಮೈಸೂರಿನ ಗೆಳೆಯ ಮೊನ್ನೆ ಫೋನಿನಲ್ಲಿ ಕೇಳಿದ: "ಅಲ್ಲೂ ಅದೇ ದೇವರು, ಅದೇ ನಾಗರಿ ಅಕ್ಷರ. ಹೋಗೋಕೆ ವೀಸಾನೂ ಬೇಡ. ಅದೆಂಥ ಬೇರೆ ದೇಶ? ನಿಮ್ಮ ಧಾರವಾಡ ಕನ್ನಡ ಅರ್ಧ ಮರಾಠಿ ಇದ್ದ ಹಾಗೆ, ಅದೂ ಅರ್ಧ ಇಂಡಿಯಾ." ಆಗ ಸುಮ್ನಾದೆ. ಉತ್ತರ ಈಗ ಬರೆಯುತ್ತಿದ್ದೇನೆ.

ದೋಸ್ತ, ಅಲ್ಲಿಗೆ ಹೋದ ಕೂಡಲೇ ಗಡಿಯಾರವನ್ನು 15 ನಿಮಿಷ ಮುಂದಿಟ್ಟೆ, ಅಲ್ವಾ? ಅಲ್ಲಿ ಶನಿವಾರ ರಜೆ. ಸರ್ಕಾರಿ ಕಾಗದದ ಮೇಲೆ ವಿಕ್ರಮ ಶಕೆಯ ತಾರೀಖು. 1950ರ ಒಪ್ಪಂದದಂತೆ ಎರಡೂ ಕಡೆಯ ಜನ ಆ ಕಡೆ ಈ ಕಡೆ ಹೋಗಿ ದುಡಿಯಬಹುದು. ತರಾಯಿ ಅನ್ನುವ ತಗ್ಗಿನ ಬಯಲಲ್ಲಿ ಗಡಿಯ ಎರಡೂ ಕಡೆ ಮೈಥಿಲಿ ಮಾತಾಡುತ್ತಾರೆ, ಹೆಣ್ಣು ಕೊಟ್ಟು ತರುತ್ತಾರೆ. ಆದರೂ ಗಡಿಯ ಲಿಪುಲೇಖ ಕಣಿವೆ ಯಾರದು ಅನ್ನುವ ಮಾತು ಬಂದಾಗ 2020ರಲ್ಲಿ ನೇಪಾಳ ತನ್ನದೇ ಹೊಸ ನಕಾಶೆ ಹೊರಡಿಸಿತು. ಬೀಗರಾದರು ಅಂತ ಯಾರಾದರೂ ಹೊಲ ಬಿಟ್ಟುಕೊಡುತ್ತಾರಾ?

ನಮ್ಮದೂ ಅಷ್ಟೇ. 1956ರ ನವೆಂಬರ್ 1ರವರೆಗೆ ಧಾರವಾಡ ಮುಂಬೈ ರಾಜ್ಯದಲ್ಲಿತ್ತು. ಪಹಣಿಗೆ ನಾವು ಉತಾರ ಅನ್ನುತ್ತೇವೆ, ಆಸ್ತಿ ಪಾಲಾದರೆ ವಾಟ್ನಿ. ಹೌದು, ಮರಾಠಿಯಿಂದ ಬಂದವು. ಮರಾಠಿಯವರು ತುಪ್ಪಕ್ಕೆ ತೂಪ ಅನ್ನುವುದು, ಅಡಕೊತ್ತಿಗೆ ಅಡಕಿತ್ತಾ ಅನ್ನುವುದು ನಮ್ಮಿಂದ. ಅದಕ್ಕೆ ಪುಣೆಯವರನ್ನು ಅರ್ಧ ಕನ್ನಡಿಗರು ಅಂತ ಯಾರೂ ಕರೆಯುವುದಿಲ್ಲ. ಮುಂಬೈ ಆಡಳಿತದ ಕೆಳಗಿದ್ದಾಗಲೇ, 1890ರಲ್ಲಿ, ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ್ದು ಇದೇ ಧಾರವಾಡ. ಕನ್ನಡ ನಮಗೆ ತಾನಾಗಿ ಸಿಗಲಿಲ್ಲ, ದುಡಿದು ಉಳಿಸಿಕೊಂಡೆವು.

ನಾನು ಮೂರು ವರ್ಷದಿಂದ ಗುದ್ದಾಡುತ್ತಿರುವುದು ಒಂದು ಕಾಗದದ ಜೊತೆ. ಮುತ್ತಜ್ಜನ ಕಾಲದ ವಾಟ್ನಿ ಪತ್ರ, ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯಲ್ಲಿದೆ. ಮೊದಲು ಉದ್ದಕ್ಕೆ ಗೆರೆ ಎಳೆದು, ಅದಕ್ಕೆ ಜೋತುಬಿಟ್ಟ ಹಾಗೆ ಒಂದಕ್ಕೊಂದು ಕೂಡಿಸಿ ಬರೆದ ಅಕ್ಷರ. ಮಡಿಕೆ ಇದ್ದಲ್ಲೆಲ್ಲ ಹರಿದಿದೆ. ಕಚೇರಿಯಲ್ಲಿ "ಕನ್ನಡ ಮಾಡಿಸಿಕೊಂಡು ಬರ್ರಿ" ಅಂದರು. ಮಾಡಿಸಿ ಒಯ್ದರೆ, "ಓದಿದವರು ಸರಿ ಓದ್ಯಾರಂತ ಯಾರು ಹೇಳಬೇಕ್ರಿ?" ಅಂದರು. ಮೋಡಿ ಓದುವವರು ಈಗ ಎಷ್ಟು ಜನ ಉಳಿದಿದ್ದಾರೆ? ಇನ್ನೊಬ್ಬ ಹಿರಿಯರು ಸಿಕ್ಕರು. ಅವರ ಕಣ್ಣಿನ ಆಪರೇಷನ್ ಮುಗಿಯಲಿ ಅಂತ ಎರಡು ತಿಂಗಳು ಕಾದೆ. ಅಜ್ಜನ ಹೊಲ ನಮ್ಮದು ಅಂತ ಹೇಳಲು ಇಷ್ಟು ಓಡಾಟ. ಮೈಸೂರಲ್ಲಿ ಕುಳಿತ ನಿನಗೆ ಈ ಪಾಡು ಬಂದಿಲ್ಲ, ಬರುವುದೂ ಬೇಡ.

ಹೋದ ವಾರ ಆ ಹಿರಿಯರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಸಾಲಿನ ಕೆಳಗೆ ಬೆರಳು ಸರಿಸುತ್ತ ಗಟ್ಟಿಯಾಗಿ ಓದಿದರು. ಪೂರ್ತಿ ಮರಾಠಿ. ನನಗೆ ಅಲ್ಲೊಂದು ಇಲ್ಲೊಂದು ಮಾತು ತಿಳಿಯುತ್ತಿತ್ತು. ಚಕಬಂದಿ, ಅಂದರೆ ಹೊಲದ ನಾಲ್ಕೂ ಕಡೆಯ ಗಡಿಯ ವಿವರ, ಬಂತು. ಅವರ ಬಾಯಲ್ಲಿ ಒಮ್ಮೆಲೇ "ಹುಣಸಿಮರದ ಹೊಲ" ಅಂತ ಬಂತು. ಆಮೇಲೆ "ದೊಡ್ಡಹಳ್ಳ". ಆಮೇಲೆ "ಬಸವಣ್ಣನ ಗುಡಿ". ಮೈ ಜುಮ್ ಅಂತು. ಬರೆದವರು ಆ ಹೆಸರುಗಳನ್ನು ಮರಾಠಿ ಮಾಡಲು ಹೋಗಿರಲಿಲ್ಲ. ಮಾಡಿದ್ದರೆ ಅದು ಯಾವ ಹೊಲ ಅಂತ ಊರಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಸೋಮವಾರ ಮತ್ತೆ ಕಚೇರಿಗೆ ಹೋಗುತ್ತೇನೆ. ಆ ಹಾಳೆಯ ಜೆರಾಕ್ಸ್ ನಿನಗೂ ಒಂದು ಕಳಿಸುತ್ತೇನೆ. ಅಕ್ಷರ ನಿನಗೆ ತಿಳಿಯುವುದಿಲ್ಲ. ಯಾರ ಹತ್ತಿರವಾದರೂ ಚಕಬಂದಿ ಓದಿಸು. ಹೊಲದ ಹೆಸರಿಗೆ ಮಾತ್ರ ಅರ್ಥ ಕೇಳಬೇಕಾಗುವುದಿಲ್ಲ.