ಸೌಹಾರ್ದ ಹಬ್ಬದ ಊಟ ನಮ್ಮ ಮನೆಯವರ ಪಾಲಿಗೆ ಬಂದಿದೆ, 500 ಮಂದಿಗೆ ಹೇಗೆ ಸಂಭಾಳಿಸಬೇಕು?

ಹುಬ್ಬಳ್ಳಿಯ ನಿಮ್ಮ ಓಣಿಯಲ್ಲಿ ಎಲ್ಲ ಸಮಾಜದವರೂ ಸೇರಿ ಹಬ್ಬ ಮಾಡುತ್ತಿದ್ದೀರಿ, ಮಧ್ಯಾಹ್ನದ ಊಟ ನಿಮ್ಮ ಮನೆಯ ಆರು ಮಂದಿಯ ಮೇಲಿದೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ರೊಟ್ಟಿಯಿಂದ ಶುರು ಮಾಡ್ರಿ.

ತಲೆಗೆ ಎರಡು ಅಂದರೆ 1000, ಮುರಿಯೋದಕ್ಕೆ 100 ಜಾಸ್ತಿ. ಇಷ್ಟನ್ನು ಅಡಿಗೆಯವರಿಗೆ ಒಪ್ಪಿಸಬೇಡ್ರಿ. 55 ಮನೆಗೆ ಒಂದೂವರೆ ಕಿಲೋದಂತೆ ಜೋಳದ ಹಿಟ್ಟು ಹಂಚಿ, ಮನೆಗೆ 20 ಕಟಕ್ ರೊಟ್ಟಿ, ಅಂದರೆ ಗರಿಗರಿಯಾಗಿ ಒಣಗಿಸಿದ ರೊಟ್ಟಿ ಕೇಳ್ರಿ. ಹಿಟ್ಟು ನೀವೇ ಕೊಟ್ಟರೆ ಯಾವ ಮನೆಗೂ ಭಾರವಾಗೋದಿಲ್ಲ, ಬಡವರೂ ಹಿಂಜರಿಯೋದಿಲ್ಲ. ರೊಟ್ಟಿ ಬಡಿಯಲು ಬಾರದ ಮನೆಯವರನ್ನು ಪಕ್ಕದ ಮನೆಯ ಒಲೆಗೆ ಜೋಡಿಸ್ರಿ. ಬುಟ್ಟಿ ಬಂದ ಮೇಲೆ ಯಾರ ಹೆಸರನ್ನೂ ಬರೆಯದೆ ಎಲ್ಲವನ್ನೂ ಒಂದೇ ರಾಶಿಗೆ ಹಾಕ್ರಿ. ವೇದಿಕೆಯ ಭಾಷಣಕ್ಕಿಂತ ಈ ರಾಶಿ ನನಗೆ ದೊಡ್ಡದು. ಯಾರ ಕೈಯ ರೊಟ್ಟಿ ಯಾರ ತಾಟಿಗೆ ಬಿತ್ತೆಂದು ಗೊತ್ತಾಗಬಾರದು. ಗದಗ ಜಿಲ್ಲೆಯ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆಗೆ ರೊಟ್ಟಿ ಜಾತ್ರೆ ಅಂತಲೇ ಹೆಸರು. ಅಲ್ಲಿ ರೊಟ್ಟಿ, ಕರಿಂಡಿ ಎಂಬ ಖಾರದ ಚಟ್ನಿಯನ್ನು ಜಾತಿ ಕೇಳದೆ ಎಲ್ಲರೂ ಕೂಡಿ ಉಣ್ಣುತ್ತಾರೆ. ಆ ಮಠದ ಹಿಂದಿನ ಪೀಠಾಧಿಪತಿ ಸಿದ್ಧಲಿಂಗ ಸ್ವಾಮೀಜಿಯವರ ಹುಟ್ಟಿದ ದಿನ ಫೆಬ್ರುವರಿ 21, ಸರಕಾರ ಅದನ್ನೇ ಭಾವೈಕ್ಯತಾ ದಿನ ಎಂದು ಆಚರಿಸುತ್ತದೆ.

ಕೆಡೋದು ರೊಟ್ಟಿ ಕಟ್ಟುವಾಗ. ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿ ಒಂದರ ಮೇಲೊಂದು ಇಟ್ಟರೆ ಬೆವರುತ್ತದೆ, ನಡುವಿನವು ಮೆತ್ತಗಾಗಿ ಮರುದಿನ ಬೂಸಲು ವಾಸನೆ ಬರುತ್ತದೆ. ಒಲೆಯ ಬದಿಗೆ ನಿಲ್ಲಿಸಿ ಅಂಚು ಗಟ್ಟಿಯಾಗುವವರೆಗೆ ಒಣಗಿಸಬೇಕು, ಪೂರಾ ಆರಿದ ಮೇಲೆ ಹತ್ತಿ ಬಟ್ಟೆ ಹಾಸಿದ ಬುಟ್ಟಿಗೆ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಮುರಿದು ನೋಡ್ರಿ: ಚಟ್ ಅಂದರೆ ಸರಿ, ಬಾಗಿದರೆ ಇನ್ನೊಮ್ಮೆ ಹಂಚಿಗೆ.

ಉಳಿದ ಅಡಿಗೆಗೆ ಹಿಡಿಯುವ ಲೆಕ್ಕ: ಅಕ್ಕಿ 40 ಕಿಲೋ, ಸಾರಿಗೆ ತೊಗರಿಬೇಳೆ 8, ಬದನೆಕಾಯಿ 40, ಶೇಂಗಾ ಚಟ್ನಿ 6, ಹುಗ್ಗಿಗೆ ಕುಟ್ಟಿದ ಗೋಧಿ 20, ಬೆಲ್ಲ 20. ಗೋಧಿ ಹಿಂದಿನ ರಾತ್ರಿಯೇ ನೆನೆಯಬೇಕು. ಕಾಳು ಬೆರಳಲ್ಲಿ ಹಿಸುಕಿದರೆ ಒಡೆಯುವಷ್ಟು ಬೆಂದ ಮೇಲೆಯೇ ಬೆಲ್ಲ. ಮೊದಲೇ ಹಾಕಿದರೆ ಗೋಧಿ ಬೇಯದೆ ಹಾಗೇ ನಿಲ್ಲುತ್ತದೆ, ಎಷ್ಟು ಉರಿ ಕೊಟ್ಟರೂ ತಳ ಹತ್ತುತ್ತದೆಯೇ ಹೊರತು ಕಾಳು ಮೆತ್ತಗಾಗದು. ಬೆಲ್ಲ ಕರಗಿಸಿ ಸೋಸ್ರಿ, ಕಸ ಇರುತ್ತದೆ. ಬದನೆಕಾಯಿ ಹೆಚ್ಚಿದ ತಕ್ಷಣ ಉಪ್ಪುನೀರಿಗೆ ಹಾಕದಿದ್ದರೆ ಕಪ್ಪಾಗುತ್ತದೆ. ಮಜ್ಜಿಗೆಗೆ 15 ಕಿಲೋ ಮೊಸರು, 60 ಲೀಟರ್ ನೀರು. ನೀರು ಬೆರೆಸೋದು ಊಟಕ್ಕೆ ಒಂದು ತಾಸು ಮುಂಚೆ. ಬೆಳಿಗ್ಗೆಯೇ ಬೆರೆಸಿಟ್ಟರೆ ಮಧ್ಯಾಹ್ನಕ್ಕೆ ಹುಳಿ.

ಊಟ ಸಸ್ಯಾಹಾರವೇ ಇರಲಿ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂಡಬೇಕಲ್ಲ. ಬಾಡಿಗೆ ಪಾತ್ರೆ ತರುವಾಗ ಅದರಲ್ಲಿ ಮಾಂಸ ಬೇಯಿಸುತ್ತಾರಾ ಎಂದು ಮೊದಲೇ ಕೇಳ್ರಿ. ಗೊತ್ತಾದರೆ ಕೆಲವು ಹಿರಿಯರು ತಾಟು ಮುಟ್ಟದೆ ಎದ್ದುಹೋಗುತ್ತಾರೆ. ಜೈನರು ಇದ್ದರೆ ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದ ಪಲ್ಯ ಬೇರೆ ಪಾತ್ರೆಯಲ್ಲಿ ಮಾಡಿ, ಸೌಟನ್ನೂ ಬೇರೆ ಇಡ್ರಿ. ದಿನ ಗೊತ್ತು ಮಾಡುವಾಗ ರಂಜಾನ್ ರೋಜಾ, ಏಕಾದಶಿ, ಶ್ರಾವಣ ಸೋಮವಾರ ಬಾರದಂತೆ ನೋಡ್ರಿ. ಶುಕ್ರವಾರವಾದರೆ ಜುಮ್ಮಾ ನಮಾಜ್ ಮುಗಿದ ಮೇಲೆ ಮೊದಲ ಪಂಕ್ತಿ.

ನಮ್ಮಲ್ಲಿ ನಳದ ನೀರು ನಂಬಿ ಕೂಡೋದು ಆಗದು. ಕುಡಿಯೋದಕ್ಕೆ 20 ಲೀಟರಿನ 25 ಕ್ಯಾನ್, ಕೈ ತೊಳೆಯಲು ಹಾಗೂ ಪಾತ್ರೆಗೆ 2000 ಲೀಟರ್ ಟ್ಯಾಂಕರ್ ಹಿಂದಿನ ದಿನವೇ ಬಂದಿರಲಿ. ಗ್ಯಾಸು 19 ಕಿಲೋದ ಕಮರ್ಷಿಯಲ್ ಸಿಲಿಂಡರ್ ಮೂರು.

ನಿಮ್ಮ ಆರು ಮಂದಿಯಲ್ಲಿ ಅಜ್ಜ, ಅಜ್ಜಿ ಇದ್ದರೆ ರೊಟ್ಟಿ ರಾಶಿಯ ಹತ್ತಿರ ಕೂಡಿಸ್ರಿ. ಮೆತ್ತಗಾದ ರೊಟ್ಟಿ ಅವರ ಕೈಗೆ ಥಟ್ಟನೆ ಸಿಗುತ್ತದೆ. ಒಬ್ಬರು ಒಲೆ, ಒಬ್ಬರು ಸಾಮಾನಿನ ಕೋಣೆಯ ಕೀಲಿ. ಕೀಲಿ ಕೈ ಬದಲಾದರೆ ಬೆಲ್ಲ, ಎಣ್ಣೆಯ ಲೆಕ್ಕ ತಪ್ಪುತ್ತದೆ. ಮಕ್ಕಳಿಗೆ ನೀರು, ಮಜ್ಜಿಗೆ ಸಾಕು, ಕೊಪ್ಪರಿಗೆಯ ಹತ್ತಿರ ಬಿಡಬೇಡ್ರಿ. ಪಂಕ್ತಿಗೆ 100 ಮಂದಿ, ಒಟ್ಟು ಐದು ಪಂಕ್ತಿ, ಒಂದಕ್ಕೆ ಅರ್ಧ ತಾಸು. ಬಡಿಸೋದಕ್ಕೆ ಎಂಟು ಮಂದಿ ಬೇಕು, ಹೊರಗಿನವರನ್ನು ಸೇರಿಸ್ರಿ. ಒಂದು ಸಮಾಜದವರೆಲ್ಲ ಒಂದೇ ಕೆಲಸಕ್ಕೆ ನಿಂತುಬಿಡುತ್ತಾರೆ, ತಾವಾಗಿಯೇ ಹಾಗಾಗುತ್ತದೆ. ಬಕೆಟ್ ಕೊಡುವಾಗಲೇ ಜೋಡಿ ಮಾಡಿ ಕೊಡ್ರಿ: ಅನ್ನಕ್ಕೆ ಒಬ್ಬ ಮುಸ್ಲಿಂ ಹುಡುಗನಾದರೆ ಅವನ ಹಿಂದೆ ಸಾರಿಗೆ ಲಿಂಗಾಯತರ ಹುಡುಗ.

ಉಳಿದ ಅನ್ನ, ಸಾರು ಸಂಜೆ ನಾಲ್ಕರೊಳಗೆ ಹಂಚಿಬಿಡ್ರಿ, ಮರುದಿನಕ್ಕೆ ಇಡಬೇಡ್ರಿ. ಕಟಕ್ ರೊಟ್ಟಿ ಇನ್ನೂ ವಾರಗಟ್ಟಲೆ ಇರುತ್ತದೆ, ರೊಟ್ಟಿ ಕೊಟ್ಟ 55 ಮನೆಗೂ ಆ ರಾಶಿಯಿಂದಲೇ ಒಂದೊಂದು ಮರಳಿ ಕಳಿಸ್ರಿ.