ಸಮಾರೋಪದಲ್ಲಿ ಸಾಲು ಯಾಕಿಲ್ಲ?

ನಿಮ್ಮ ಪ್ರಶ್ನೆ ಚೆನ್ನಾಗಿದೆ. ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ದೇಶವಾರು ಸಾಲಾಗಿ ಬರುವ ಆಟಗಾರರು ಸಮಾರೋಪದಲ್ಲಿ ಯಾಕೆ ಗುಂಪುಗುಂಪಾಗಿ ಬೆರೆತು ಬರುತ್ತಾರೆ, ಶಿಸ್ತು ಸಡಿಲ ಆಯ್ತಾ ಅಂತ ಕೇಳಿದ್ದೀರಿ. ಶಿಸ್ತಿನ ಮಾತಲ್ಲ, ಅದು ಬೇಕೆಂದೇ ತಂದ ಪದ್ಧತಿ. ಶುರುವಾಗಿದ್ದು 1956ರ ಮೆಲ್ಬರ್ನ್ ಕೂಟದಲ್ಲಿ.

ಆ ವರ್ಷ ವಾತಾವರಣ ತುಂಬಾ ಕೆಟ್ಟಿತ್ತು. ಸೋವಿಯತ್ ಸೇನೆ ಹಂಗೇರಿಯ ದಂಗೆಯನ್ನು ತುಳಿದುಹಾಕಿತ್ತು. ಅದನ್ನು ವಿರೋಧಿಸಿ ನೆದರ್ಲೆಂಡ್ಸ್, ಸ್ಪೇನ್, ಸ್ವಿಟ್ಜರ್ಲೆಂಡ್ ಬರಲಿಲ್ಲ. ಈಜಿಪ್ಟ್‌ನ ಸೂಯೆಜ್ ಕಾಲುವೆಯ ಜಗಳದಿಂದ ಈಜಿಪ್ಟ್, ಇರಾಕ್, ಲೆಬನಾನ್ ದೂರ ಉಳಿದವು. ಹಂಗೇರಿ ಮತ್ತು ಸೋವಿಯತ್ ತಂಡಗಳ ವಾಟರ್ ಪೋಲೊ ಪಂದ್ಯದಲ್ಲಂತೂ ನೀರಲ್ಲೇ ಹೊಡೆದಾಟ. ಹಂಗೇರಿಯ ಎರ್ವಿನ್ ಜಾಡೋರ್ ಕಣ್ಣಿನ ಹತ್ತಿರ ಏಟು ತಿಂದು, ರಕ್ತ ಸುರಿಸುತ್ತಾ ಕೊಳದಿಂದ ಹೊರಬಂದರು. ಹಂಗೇರಿ 4-0 ಅಂತರದಿಂದ ಗೆದ್ದಿತು.

ಸಮಾರೋಪಕ್ಕೆ ಕೆಲವೇ ದಿನ ಇರುವಾಗ ಸಂಘಟಕರಿಗೆ ಒಂದು ಪತ್ರ ಬಂತು. ಬರೆದವನು 17 ವರ್ಷದ ಜಾನ್ ವಿಂಗ್, ಚೀನೀ ಮೂಲದ ಆಸ್ಟ್ರೇಲಿಯಾದ ಹುಡುಗ, ಬಡಗಿ ಕೆಲಸ ಕಲಿಯುತ್ತಿದ್ದ. ದೇಶದ ಲೆಕ್ಕ ಬಿಟ್ಟು ಎಲ್ಲರೂ ಒಟ್ಟಿಗೆ ಬರಲಿ, ಕವಾಯತು ಬೇಡ, ಜನರಿಗೆ ಕೈಬೀಸುತ್ತಾ ಆರಾಮಾಗಿ ನಡೆಯಲಿ ಅನ್ನೋದು ಅವನ ಸಲಹೆ. ಸಂಘಟಕರು ಒಪ್ಪಿದರು. ಯಾರೋ ಹುಡುಗನ ಕಾಗದ ಅಂತ ಪಕ್ಕಕ್ಕಿಡದೆ ಕೊನೇ ಗಳಿಗೆಯಲ್ಲಿ ಏರ್ಪಾಡನ್ನೇ ಬದಲಿಸಿದ್ದು ನನಗೆ ತುಂಬಾ ದೊಡ್ಡ ವಿಷಯ ಅನಿಸುತ್ತದೆ.

ಅಂದಹಾಗೆ, ಬಾವುಟಗಳು ಮಾತ್ರ ಈಗಲೂ ಸಾಲಾಗಿಯೇ ಬರುತ್ತವೆ, ಗ್ರೀಸ್‌ನದು ಮೊದಲು. ಮುಂದಿನ ಸಲ ನೋಡುವಾಗ ಗಮನಿಸಿ.